ರಾತ್ರಿ ತೀರದಿಂದ ದೊಡ್ಡ ಮೀನು ಹಿಡಿಯಲು 14 ಅಡಿಯ ರಾಡ್ ತಗೊಳ್ಳಲೇಬೇಕಾ?

ನೀವು ಪತ್ರದಲ್ಲಿ ಕೇಳಿದ ಈ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕೈಯಲ್ಲಿರುವ ರಾಡೇ ಸಾಕು. ಇನ್ನೊಂದು 30 ಮೀಟರ್ ಆಚೆ ಎಸೆದರೆ ದೊಡ್ಡದು ಸಿಗುತ್ತದೆ ಅನ್ನುವ ನಿಮ್ಮ ಲೆಕ್ಕವನ್ನೇ ನಾನೂ ಹಾಕಿಕೊಂಡಿದ್ದೆ. ರಾಡ್ ಬದಲಿಸಿದೆ, ರೀಲ್ ಬದಲಿಸಿದೆ, ಸೀಸದ ಗುಂಡಿನ ತೂಕ ಹೆಚ್ಚಿಸಿದೆ. ಭುಜ ನೋಯುವಷ್ಟು ಎಸೆದರೂ ಬರುತ್ತಿದ್ದದ್ದು ಅಂಗೈಯಗಲದ ಮೀನುಗಳೇ.

ದೊಡ್ಡದು ಎಲ್ಲಿರುತ್ತದೆ ಅಂತ ತಿಳಿದದ್ದು ಒಂದು ಎಸೆತ ಕೆಟ್ಟದ್ದರಿಂದ. ಆ ರಾತ್ರಿ ಎದುರುಗಾಳಿ ಜೋರಾಗಿತ್ತು. ಗುಂಡು ನೀರಿನಡಿಯ ಮರಳದಿಣ್ಣೆಯನ್ನು ದಾಟಲೇ ಇಲ್ಲ, ಅದಕ್ಕೂ ತೀರಕ್ಕೂ ನಡುವಿನ ತಗ್ಗಿಗೆ ಬಿತ್ತು. ನನ್ನ ಕಾಲಿನಿಂದ 20 ಮೀಟರ್ ಇದ್ದರೆ ಹೆಚ್ಚು. ಎಳೆದುಕೊಂಡು ಮತ್ತೆ ಎಸೆಯುವ ಮೊದಲು ಇನ್ನೊಂದು ಗಾಳಕ್ಕೆ ಎರೆಯಾಗಿ ಬೊಂಡಾಸ್ (ಸ್ಕ್ವಿಡ್) ಕಟ್ಟೋಣ ಅಂತ ಕೂತೆ. ರಾಡಿನ ತುದಿ ಎರಡು ಸಲ ಅಲ್ಲಾಡಿತು. ಆಮೇಲೆ ಬಾಗಿದ್ದು ಬಾಗಿದ ಹಾಗೇ ನಿಂತಿತು, ರೀಲ್ ಕಿರುಚತೊಡಗಿತು. ಅಂಥ ಓಟವನ್ನು ನಾನು ಅದಕ್ಕೂ ಮೊದಲು ಕೈಯಲ್ಲಿ ಹಿಡಿದಿರಲಿಲ್ಲ.

ಸುಮಾರು ಹೊತ್ತು ಎಳೆದಾಡಿ ಅದನ್ನು ದಡದ ಹತ್ತಿರಕ್ಕೆ ತಂದೆ. ಕೊನೆಯ ಅಲೆಯಲ್ಲಿ ಅದರ ಮಗ್ಗುಲು ತಾಮ್ರದ ಬಣ್ಣಕ್ಕೆ ಹೊಳೆದದ್ದು ಕಂಡಿತು, ದೊಡ್ಡ ಕ್ರೋಕರ್. ಸೋತಿದೆ, ಇನ್ನೇನು ಎಳೆದುಬಿಡೋಣ ಅಂತ, ರೀಲಿನಿಂದ ದಾರ ಹೊರಹೋಗುವುದಕ್ಕೆ ತಡೆ ಹೊಂದಿಸುವ ಡ್ರ್ಯಾಗ್‌ನ ಗುಂಡಿಯನ್ನು ತಿರುಗಿಸಿ ಬಿಗಿ ಮಾಡಿದೆ. ಮೀನು ಹೋದದ್ದು ಅಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತೀರದಲ್ಲಿ ದೊಡ್ಡ ಮೀನು ಕಳೆದುಕೊಂಡವರನ್ನು ಕೇಳಿದಾಗಲೆಲ್ಲ ಬಹುಪಾಲು ಇದೇ ಕಥೆ ಬರುತ್ತದೆ.

ಮೀನು 100 ಮೀಟರ್ ಆಚೆ ಇರುವಾಗ ನಡುವೆ ಅಷ್ಟೂ ಉದ್ದದ ದಾರ ಇರುತ್ತದೆ. ನೈಲಾನ್ ದಾರ ಹಿಗ್ಗುತ್ತದೆ, ಮೀನು ತಲೆ ಒದರಿದರೂ ಆ ಜರ್ಕ್ ದಾರದುದ್ದಕ್ಕೂ ಹಂಚಿಹೋಗುತ್ತದೆ. ಮೀನು 10 ಮೀಟರ್‌ಗೆ ಬಂದಾಗ ಹಿಗ್ಗಲಿಕ್ಕೆ ಇರುವುದು ಆ 10 ಮೀಟರ್ ಮಾತ್ರ. ಹೆಣೆದ ದಾರವಾದರೆ ಅದೂ ಇಲ್ಲ, ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಇದರ ಮೇಲೆ ಅಲೆ. ದಡಕ್ಕೆ ಏರಿದ ನೀರು ವಾಪಸು ಇಳಿಯುವಾಗ ಅಡ್ಡ ಬಿದ್ದ ಮೀನನ್ನು ಪೂರ್ತಿ ಮಗ್ಗುಲಿನಿಂದ ಎಳೆಯುತ್ತದೆ. ಅಂದರೆ ಆ ಹೊತ್ತಿಗೆ ನೀವು ಎಳೆಯುತ್ತಿರುವುದು ಮೀನನ್ನಲ್ಲ, ಮೀನು ಮತ್ತು ಅದರ ಹಿಂದಿರುವ ಸಮುದ್ರವನ್ನು. ದಾರಕ್ಕೆ ಅತಿ ಹೆಚ್ಚು ಸಡಿಲ ಬೇಕಾದ ಕ್ಷಣವೇ ಅದು. ನಾನು ಅದೇ ಕ್ಷಣದಲ್ಲಿ ಬಿಗಿ ಮಾಡಿದ್ದೆ. ಲೀಡರ್ (ಗಾಳದ ಕಡೆಯ ತುದಿಗೆ ಸೇರಿಸುವ ಗಟ್ಟಿ ದಾರ) ಕಟ್ಟಿದ ಗಂಟು ಫಟ್ ಅಂತ ಹೋಯಿತು.

ಡ್ರ್ಯಾಗನ್ನು ಮನೆಯಲ್ಲೇ, ಕೈಯಲ್ಲಿ ಹಿಡಿಯುವ ತೂಕದ ಮಾಪಕಕ್ಕೆ ದಾರ ಸಿಕ್ಕಿಸಿ ಹೊಂದಿಸಿಕೊಳ್ಳಿ. ದಾರ ತಡೆಯುವ ಭಾರದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ ಸಾಕು: 13 ಕಿಲೊ ತಡೆಯುವ ದಾರಕ್ಕೆ 4 ಕಿಲೊ ಎಳೆತ. ಆಮೇಲೆ ಆ ಗುಂಡಿ ಮುಟ್ಟಬೇಡಿ. ಮೀನು ಓಡುವಾಗ ‘ದಾರ ಮುಗಿದುಹೋಗುತ್ತದೆ’ ಅನ್ನುವ ಹೆದರಿಕೆಗೂ ಮುಟ್ಟಬೇಡಿ. ಸ್ಪೂಲ್‌ನಲ್ಲಿ ದಾರ ಕಡಿಮೆಯಾಗಿ ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ, ನೀವು ಏನೂ ಮಾಡದೆಯೇ ಎಳೆತ ಎರಡರಷ್ಟಾಗಿರುತ್ತದೆ. ಹೆಚ್ಚಿಗೆ ತಡೆ ಬೇಕಿದ್ದರೆ ಸ್ಪೂಲ್ ಮೇಲೆ ಅಂಗೈ ಇಡಿ. ಅಂಗೈಯನ್ನಾದರೆ ತಕ್ಷಣ ತೆಗೆಯಬಹುದು.

ಮೀನನ್ನು ದಡಕ್ಕೆ ತರುವುದು ಅಲೆಯ ಕೆಲಸ. ಅಲೆ ಮೀನನ್ನು ಎತ್ತಿದಾಗ ದಾರ ಬಿಗಿಯಾಗಿಟ್ಟುಕೊಂಡು ಹಿಂದಕ್ಕೆ ನಡೆಯಿರಿ. ನೀರು ಇಳಿಯುವಾಗ ಮುಂದಕ್ಕೆ ಹೋಗಿ, ದಾರ ಬಿಡಿ, ಮೀನು ಆಚೆ ಹೋದರೆ ಹೋಗಲಿ. ಮುಂದಿನ ಅಲೆ ಬಂದೇ ಬರುತ್ತದೆ. ಆಮೇಲೊಂದು ರಾತ್ರಿ ಅದೇ ತಗ್ಗಿನಲ್ಲಿ ಸಿಕ್ಕ ಕ್ರೋಕರನ್ನು ಹೀಗೇ ತಂದೆ. ನೀರು ಇಳಿದಾಗ ಅದು ಒದ್ದೆ ಮರಳಿನ ಮೇಲೆ ತಾನಾಗಿಯೇ ಉಳಿದಿತ್ತು. ಹೊಟ್ಟೆಯ ಕೆಳಗೆ ಕೈ ಕೊಟ್ಟರೆ ಒಳಗಿಂದ ಡುಬ್ ಡುಬ್ ಅಂತ ಬಡಿತ. ಗಾಳಿಚೀಲದ ಪಕ್ಕದ ಸ್ನಾಯುವನ್ನು ಅದುರಿಸಿ ಅವು ಸದ್ದು ಮಾಡುತ್ತವೆ ಅಂತ ಓದಿದ್ದೆ, ಆದರೆ ಅದು ಅಂಗೈಗೆ ತಾಗುವುದೇ ಬೇರೆ. ತುಂಬ ಖುಷಿಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ನಿಮ್ಮ ಸ್ನೇಹಿತರು ‘ತೀರದಿಂದ ದೊಡ್ಡದು ಸಿಗಲ್ಲ, ದೋಣಿ ಬೇಕು’ ಅಂದರು ಅಂತ ಬರೆದಿದ್ದೀರಿ. ಅದು ತಪ್ಪು. ರೆಡ್ ಡ್ರಮ್ ಅನ್ನುವ ಮೀನು ಈ ಕ್ರೋಕರ್ ಕುಟುಂಬದ್ದೇ. ಅದರ ವಿಶ್ವದಾಖಲೆ 42.69 ಕಿಲೊ, 1984ರ ನವೆಂಬರ್‌ನಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಏವನ್‌ನಲ್ಲಿ ಡೇವಿಡ್ ಡ್ಯುಯೆಲ್ ಹಿಡಿದದ್ದು. ತೀರದಲ್ಲಿ ನಿಂತು.

ಕತ್ತಲಾದ ಮೇಲೆ ಸಣ್ಣ ಮೀನು, ಏಡಿಗಳು ಆ ತಗ್ಗಿನಲ್ಲಿ ಇರುತ್ತವೆ, ಅವನ್ನು ಹುಡುಕಿಕೊಂಡು ದೊಡ್ಡವು ಒಳಗೆ ಬರುತ್ತವೆ. ಹಾಗಾಗಿ ನೀವು ಕಲಿಯಬೇಕಾದದ್ದು ತಗ್ಗನ್ನು ಗುರುತಿಸುವುದು, ಮತ್ತು ಅದನ್ನು ರಾತ್ರಿ ಕಲಿಯಲು ಆಗುವುದಿಲ್ಲ. ಬೆಳಕಿರುವಾಗ, ನೀರು ಪೂರ್ತಿ ಇಳಿದಾಗ ಹೋಗಿ ನಿಂತು ನೋಡಿ. ಅಲೆ ಒಡೆದು ಬೆಳ್ಳಗಾಗುವ ಕಡೆ ದಿಣ್ಣೆ, ಒಡೆಯದೆ ಕಪ್ಪಗೆ ಸಾಗುವ ಕಡೆ ಆಳ. ದಿಣ್ಣೆ ನಡುವೆ ಕಡಿದುಹೋದ ಜಾಗ ಇದ್ದರೆ ಅದೇ ಮೀನು ಒಳಗೆ ಬರುವ ದಾರಿ. ಅದರ ಎದುರಿಗೆ ದಡದ ಮೇಲೆ ಏನಾದರೂ ಗುರುತು ಇಟ್ಟುಕೊಳ್ಳಿ. ಆದರೆ ಆ ಕಂಡಿಯಲ್ಲೇ ನೀರು ಹೊರಕ್ಕೆ ಎಳೆಯುವುದು, ಅಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಒಬ್ಬರೇ ಹೋಗಲೂಬೇಡಿ.

ದಿನಕ್ಕೆ ಎರಡು ಸಲ ಉಬ್ಬರ ಬರುವ ತೀರವಾದರೆ ಸಂಜೆ ಇಳಿತ ಇರುವ ದಿನ ಆರಿಸಿ. ತಗ್ಗನ್ನು ಬೆಳಕಿನಲ್ಲೇ ನೋಡಿದ ಹಾಗಾಯಿತು, ಕತ್ತಲಾದ ಮೇಲೆ ಸುಮಾರು ಆರು ಗಂಟೆ ನೀರು ಏರುತ್ತಿರುತ್ತದೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಇವತ್ತು ಸಿಕ್ಕ ಹೊತ್ತಿಗೇ ನಾಳೆಯೂ ಹೋಗಿ ಕೂರಬೇಡಿ. ಟಾರ್ಚನ್ನು ನೀರಿನ ಕಡೆ ಹಿಡಿಯಬೇಡಿ. ಮೀನು 20 ಮೀಟರ್‌ನಲ್ಲಿದೆ ಅಂದಮೇಲೆ ಬೆಳಕು ಅದಕ್ಕೂ ಕಾಣುತ್ತದೆ. ಎರೆ ತಾಜಾ ಇರಲಿ, ಕತ್ತಲಲ್ಲಿ ಮೀನು ವಾಸನೆ ಹಿಡಿದು ಬರುವುದು.

ಗಾಳ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ಗಾಳ) ಆಗಿದ್ದರೆ ಕಚ್ಚಿದ ಕೂಡಲೇ ರಾಡ್ ಎಳೆಯಬೇಡಿ. ಮೀನು ತಿರುಗಿ ಹೊರಟಾಗ ಅದು ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ರಾಡಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ತೂಕದ ಮಾಪಕ, ಒಳ್ಳೆಯ ಲೀಡರ್ ದಾರ ತಗೊಳ್ಳಿ, ಗಂಟನ್ನು ಪ್ರತಿ ಸಲ ಹೊರಡುವ ಮೊದಲು ಹೊಸದಾಗಿ ಕಟ್ಟಿ.