ಓದುಗರ ಪ್ರಶ್ನೆ: ಹಸಿರು ಟ್ಯಾಗ್ ನಂಬಬಹುದೇ?

ಪ್ರಶ್ನೆ: ‘ಪರಿಸರಸ್ನೇಹಿ’, ‘ಸಾವಯವ ಹತ್ತಿ’ ಎಂದು ಬರೆದಿರುವ ಬಟ್ಟೆಗಳನ್ನೇ ಹುಡುಕಿ ಕೊಳ್ಳುತ್ತಿದ್ದೇನೆ. ಬೆಲೆ ಹೆಚ್ಚಾದರೂ ಹೊಲಿದವರಿಗೆ ನ್ಯಾಯವಾದ ಕೂಲಿ ಸಿಕ್ಕಿರುತ್ತದೆ ಎಂಬ ಸಮಾಧಾನ. ಈ ನಂಬಿಕೆ ಸರಿಯೇ?

ಉತ್ತರ: ನಿಮ್ಮ ಕಾಳಜಿ ದೊಡ್ಡದು, ಆದರೆ ಟ್ಯಾಗ್ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ‘ಪರಿಸರಸ್ನೇಹಿ’ ಎಂಬ ಬರಿಯ ಮಾತಿಗೆ ಯಾವ ಪರೀಕ್ಷೆಯ ಬೆಂಬಲವೂ ಇಲ್ಲದಿರಬಹುದು. ಹೆಸರಾಂತ ಪ್ರಮಾಣಪತ್ರಗಳೂ ಒಂದೊಂದು ಒಂದೊಂದನ್ನು ಹೇಳುತ್ತವೆ. ‘ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100’ ಎಂದಿದ್ದರೆ ಬಟ್ಟೆ, ನೂಲು, ಗುಂಡಿ, ಜಿಪ್‌ಗಳಲ್ಲಿ ಹಾನಿಕಾರಕ ರಾಸಾಯನಿಕಗಳಿವೆಯೇ ಎಂದು ಪರೀಕ್ಷಿಸಿದ್ದಾರೆ ಎಂದರ್ಥ. ತೊಡುವವರ ಚರ್ಮಕ್ಕೆ ಅದು ಭರವಸೆ. ಹೊಲಿದವರ ಸಂಬಳದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ‘ಜಿಒಟಿಎಸ್’ ಗುರುತು ಇನ್ನಷ್ಟು ಆಳಕ್ಕೆ ಹೋಗುತ್ತದೆ: ಕನಿಷ್ಠ ಶೇ 70ರಷ್ಟು ಸಾವಯವ ನಾರು, ಬಣ್ಣ ಹಾಕುವ ಘಟಕದಲ್ಲಿ ತ್ಯಾಜ್ಯನೀರಿನ ಶುದ್ಧೀಕರಣ, ಬಾಲಕಾರ್ಮಿಕತೆ ಮತ್ತು ಬಲವಂತದ ದುಡಿಮೆಗೆ ನಿಷೇಧ. ಒಂದನ್ನೇ ಆರಿಸಿ ಎಂದರೆ ನಾನು ಆರಿಸುವುದು ಇದನ್ನು.

ಆದರೂ ಕೂಲಿ ಎಲ್ಲಿ ಕೆಡುತ್ತದೆ ಎಂಬುದು ಬೇರೆಯೇ ಕಥೆ. ಬಹಳ ವರ್ಷ ಗಾರ್ಮೆಂಟ್ಸ್‌ನ ಚೆಕ್ಕಿಂಗ್ ವಿಭಾಗದಲ್ಲಿ ದುಡಿದವಳು ನಾನು. ಸ್ಯಾಂಪಲ್ ಒಪ್ಪಿಯಾದ ಮೇಲೆ ಗುಂಡಿಯ ಬಣ್ಣ ಬದಲಿಸಿ ಎಂದು ಖರೀದಿ ಕಂಪನಿ ಹೇಳಿ ಕಳಿಸುತ್ತದೆ. ಹೊಸ ಗುಂಡಿ ಬರಲು ವಾರ ಹಿಡಿಯುತ್ತದೆ, ಶಿಪ್‌ಮೆಂಟ್ ದಿನಾಂಕ ಮಾತ್ರ ಕದಲುವುದಿಲ್ಲ. ತಡವಾದರೆ ವಿಮಾನದಲ್ಲಿ ಕಳಿಸುವ ಖರ್ಚು ಕಾರ್ಖಾನೆಯ ತಲೆಗೆ. ಹಾಗಾಗಿ ಕಳೆದುಹೋದ ವಾರವನ್ನು ಲೈನ್‌ನಲ್ಲಿ ಕೂತವರ ರಾತ್ರಿಗಳಿಂದ ವಸೂಲಿ ಮಾಡುತ್ತಾರೆ. ಗಂಟೆಯ ಟಾರ್ಗೆಟ್ ಏರುತ್ತದೆ. ಶೌಚಾಲಯಕ್ಕೆ ಎದ್ದರೆ ಮುಂದಿನವಳ ಕೆಲಸ ನಿಂತುಹೋಗುತ್ತದೆಂದು ಕಾಲರ್ ಕೂರಿಸುವಾಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಅಷ್ಟಾದರೂ ಮುಗಿಯದಿದ್ದರೆ, ಉಳಿದ ಬಂಡಲ್‌ಗಳು ಬೋರ್ಡೇ ಇಲ್ಲದ ಯಾವುದೋ ಸಣ್ಣ ಘಟಕಕ್ಕೆ ಹೋಗುತ್ತವೆ. ಕಾರ್ಖಾನೆಯ ಸ್ಥಿತಿಗತಿ ಪರಿಶೀಲಿಸುವ ಆಡಿಟ್‌ನವರು ಅಲ್ಲಿಗೆ ಕಾಲಿಡುವುದಿಲ್ಲ. ಎಲ್ಲಕ್ಕೂ ಕಾರ್ಖಾನೆ ಮಾಲೀಕನ ದುರಾಸೆಯೇ ಕಾರಣ ಎನ್ನುವವರು ಆ ಆರ್ಡರ್ ಹಾಳೆಯನ್ನೂ ಓದಬೇಕು ಎಂಬುದು ನನ್ನ ವಾದ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ಕುಸಿದ, ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡವನ್ನು ನೆನೆಯಿರಿ. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿತ್ತು. ಅಲ್ಲಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಕೆಲಸಕ್ಕೆ ಕರೆಸಿಕೊಂಡರು. 1,100ಕ್ಕೂ ಹೆಚ್ಚು ಮಂದಿ ಸತ್ತರು. ಆ ಕಟ್ಟಡದ ಕೆಲವು ಕಾರ್ಖಾನೆಗಳಲ್ಲೂ ಆಡಿಟ್ ನಡೆದಿತ್ತು! ಆಮೇಲೆ ನಿಜವಾದ ಬದಲಾವಣೆ ತಂದದ್ದು, ಅದೇ ವರ್ಷ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಟನೆಗಳೊಂದಿಗೆ ಸಹಿ ಹಾಕಿದ, ಕಾನೂನಿನ ಬಲವಿದ್ದ ‘ಅಕಾರ್ಡ್’ ಎಂಬ ಕಾರ್ಖಾನೆ ಸುರಕ್ಷತೆಯ ಒಪ್ಪಂದ. ಸ್ವತಂತ್ರ ಎಂಜಿನಿಯರ್‌ಗಳು ಕಟ್ಟಡಗಳನ್ನು ಪರೀಕ್ಷಿಸಿದರು, ವರದಿಗಳು ಬಹಿರಂಗವಾದವು.

ಆದ್ದರಿಂದ ನೀವು ಕೊಳ್ಳುವ ಬ್ರ್ಯಾಂಡ್ ತನ್ನ ಕಾರ್ಖಾನೆಗಳ ಹೆಸರು, ವಿಳಾಸ ಪ್ರಕಟಿಸಿದೆಯೇ ನೋಡಿ. ಬಣ್ಣ ಹಾಕುವ ಘಟಕ, ನೂಲಿನ ಗಿರಣಿಗಳೂ ಪಟ್ಟಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಕಾರ್ಮಿಕ ಸಂಘವಿದೆಯೇ, ಕನಿಷ್ಠ ವೇತನವಷ್ಟೇ ಕೊಡುತ್ತಾರೋ ಸಂಸಾರ ನಡೆಸಲು ಸಾಲುವಷ್ಟೋ ಎಂದು ಪತ್ರ ಬರೆದು ಕೇಳಿ. ಗಿರಾಕಿಗಳಿಂದ ಇಂಥ ಪತ್ರ ಬಂದರೆ ಖರೀದಿ ವಿಭಾಗಕ್ಕೆ ಬಿಸಿ ಮುಟ್ಟುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಬಟ್ಟೆ ಒಳ್ಳೆಯದೇ?

ಉತ್ತರ: ಹೊಸ ಪಾಲಿಯೆಸ್ಟರ್‌ಗಿಂತ ಮೇಲು, ತಯಾರಿಕೆಗೆ ಕಡಿಮೆ ಶಕ್ತಿ ಸಾಕು. ಆದರೆ ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು. ಬಟ್ಟೆಯಾಗಿ ಹತ್ತಿಯೊಡನೆ ಬೆರೆತರೆ ಬೇರ್ಪಡಿಸುವುದು ಬಹಳ ಕಷ್ಟ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ. ತಣ್ಣೀರಿನಲ್ಲಿ, ಮೆಷಿನ್ ತುಂಬುವಷ್ಟು ಬಟ್ಟೆ ಸೇರಿದ ಮೇಲೆ ಒಗೆಯಿರಿ; ಎಳೆ ಉದುರುವುದು ಕಡಿಮೆಯಾಗುತ್ತದೆ.