ಮಾತ್ರೆ ನುಂಗಿ ಬಲಮಗ್ಗುಲಿಗೆ ಮಲಗಿದರೆ ಬೇಗ ಕೆಲಸ ಮಾಡುತ್ತದೆಯೇ?

ಮಾಡಬಹುದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಇದನ್ನೇ ಪರೀಕ್ಷಿಸಿದರು. ಮನುಷ್ಯರ ಮೇಲಲ್ಲ, ಕಂಪ್ಯೂಟರ್‌ನಲ್ಲಿ ಕಟ್ಟಿದ ಜಠರದ ಮಾದರಿಯಲ್ಲಿ. ಇದನ್ನು ಮರೆಯಬೇಡಿ.

ನುಂಗಿದ ಬಹುತೇಕ ಮಾತ್ರೆಗಳು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ನಮ್ಮ ಜಠರ ನೆಟ್ಟಗಿನ ಚೀಲವಲ್ಲ, ಬಾಗಿಕೊಂಡಿದೆ. ಕರುಳಿಗೆ ತೆರೆಯುವ ಬಾಗಿಲು ಅದರ ಬಲಬದಿಯ ತುದಿಯಲ್ಲಿದೆ. ಹಾಗಾಗಿ ಬಲಕ್ಕೆ ಮಲಗಿದರೆ ಮಾತ್ರೆ ತನ್ನ ಭಾರಕ್ಕೇ ಆ ಬಾಗಿಲ ಹತ್ತಿರ ಜಾರುತ್ತದೆ. ಜಠರ ಜಾಸ್ತಿ ಹಿಂಡುವುದೂ ಅಲ್ಲೇ. ಎಡಕ್ಕೆ ಮಲಗಿದರೆ ಮೇಲಿನ ಅಗಲ ಭಾಗದಲ್ಲಿ ಸುಮ್ನೆ ಬಿದ್ದಿರುತ್ತದೆ. ಆ ಮಾದರಿಯಲ್ಲಿ ಬಲಮಗ್ಗುಲಿಗೆ 10 ನಿಮಿಷಕ್ಕೆ ಕರಗಿದ ಮಾತ್ರೆ, ನೇರವಾಗಿದ್ದಾಗ 23 ನಿಮಿಷ ತೆಗೆದುಕೊಂಡಿತು. ಎಡಮಗ್ಗುಲಿಗೆ? 100 ನಿಮಿಷಕ್ಕೂ ಜಾಸ್ತಿ!

ಹಾಗಂತ ಎಲ್ಲ ಮಾತ್ರೆಗೂ ಇದು ಹೊಂದುವುದಿಲ್ಲ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗೆ ಜಠರದಲ್ಲಿ ಕರಗಬಾರದೆಂದೇ ಲೇಪನ ಹಾಕಿರುತ್ತಾರೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿ ತಕ್ಷಣ ಮಲಗಲೇಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಅವಕ್ಕೆ ಒಂದು ದೊಡ್ಡ ಲೋಟ ನೀರು, ಆಮೇಲೆ ಕನಿಷ್ಠ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು, ಇಲ್ಲವೇ ಓಡಾಡಿಕೊಂಡಿರಬೇಕು.