ಪ್ರವಾಸದ ದಿನ ಗೊತ್ತುಮಾಡುವ ಮೊದಲು ಕಡಲ ಇಳಿತದ ಹೊತ್ತು ನೋಡಿ

ಬಿ.ಎಸ್ಸಿ. ಹುಡುಗರಿಗೆ ಕಡಲ ಜೀವಿಗಳನ್ನು ತೋರಿಸಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಎಲ್ಲಿಗೆ ಅನ್ನೋದಕ್ಕಿಂತ ಯಾವ ಹೊತ್ತಿಗೆ ಅನ್ನೋದು ಮುಖ್ಯ. ನಾನು ಮೊದಲ ಸಲ ಎಡವಿದ್ದೇ ಅಲ್ಲಿ. ಹುಣ್ಣಿಮೆಯ ಮಾರನೇ ದಿನ ಹಾವೇರಿಯಿಂದ ಬಸ್ ಮಾಡಿಕೊಂಡು, ದಾರಿಯಲ್ಲಿ ತಿಂಡಿ ಗಿಂಡಿ ಮುಗಿಸಿ, ಕಾರವಾರದ ಹತ್ತಿರದ ಮಾಜಾಳಿಯಲ್ಲಿ ಹನ್ನೊಂದಕ್ಕೆ ಇಳಿದರೆ ನೋಡಬೇಕಾದ ಬಂಡೆಗಳೆಲ್ಲ ನೀರಿನಡಿ. ಹುಡುಗರು ಫೋಟೋ ತೆಗೆದುಕೊಂಡರು, ಅಷ್ಟೇ.

ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ ನಿಜ. ಆದರೆ ನಮ್ಮ ಕರಾವಳಿಯಲ್ಲಿ ಆಗ ಇಳಿತ ಬರೋದು ಬೆಳಗಿನ ಜಾವ ಮತ್ತು ಸಂಜೆ, ನಡುಹಗಲು ಪೂರ್ತಿ ಭರತ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಮರುವರ್ಷ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ, ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಂಡು, ಬೆಳಗ್ಗೆ ಆರಕ್ಕೆ ಬಂಡೆ ಹತ್ತಿಸಿದೆ.

ಬಂಡೆಗಳ ನಡುವೆ ನೀರು ನಿಂತ ಮೊಣಕಾಲುದ್ದದ ಒಂದು ಗುಂಡಿ ಸಾಕು. ಹೂವಿನಂತೆ ಕಾಣುವ ಪ್ರಾಣಿ ಸೀ ಅನಿಮೋನ್ ಬಿಚ್ಚಿಕೊಂಡಿತ್ತು, ನೆರಳು ಬಿದ್ದ ಕೂಡಲೇ ಅಂಟಿನ ಉಂಡೆಯ ಹಾಗೆ ಮುದುಡಿತು. ಕಲ್ಲು ಎತ್ತಿದರೆ ಅಡಿಯಲ್ಲಿ ದಾರದಂಥ ತೋಳುಗಳ ಬ್ರಿಟಲ್ ಸ್ಟಾರ್, ನಕ್ಷತ್ರಮೀನಿನ ಸಂಬಂಧಿ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿಸಿ, ಮಗುಚಿ ಬಿಟ್ಟರೆ ಅಡಿಯಲ್ಲಿದ್ದವು ಬಿಸಿಲಿಗೆ ಒಣಗಿ ಸಾಯುತ್ತವೆ. ಚಪ್ಪಲಿ ಬೇಡ, ಹಳೇ ಶೂ ಇರಲಿ, ಬಂಡೆಗೆ ಅಂಟಿಕೊಂಡಿರುವ ಗಟ್ಟಿ ಚಿಪ್ಪಿನ ಜೀವಿ ಬಾರ್ನಕಲ್ ಬ್ಲೇಡಿನಂತೆ ಕುಯ್ಯುತ್ತದೆ. ಶಂಕುವಿನಾಕಾರದ ಕೋನ್ ಶಂಖ ಮಾತ್ರ ಮುಟ್ಟಿಸಲೇಬೇಡಿ, ಅದರ ಕುಟುಕಲ್ಲಿ ವಿಷ ಇದೆ.

ಖಾಲಿ ಚಿಪ್ಪು ಅಂತ ಒಬ್ಬ ಬ್ಯಾಗಿಗೆ ಹಾಕಿಕೊಂಡಿದ್ದ. ಬಸ್ಸಿನಲ್ಲಿ ಕರಕರ ಸದ್ದು, ನೋಡಿದರೆ ಒಳಗೆ ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ. ಅಂಕೋಲಾ ಹತ್ತಿರದ ಬೇಲೇಕೇರಿ ಕಡಲತೀರದ ಕಡೆ ಬಸ್ ತಿರುಗಿಸಿ ನೀರಿಗೆ ಬಿಟ್ಟೆವು, ಡ್ರೈವರ್ ಗೊಣಗಿದ್ದು ಬೇರೆ.

ವಾಪಸ್ ಬರುವಾಗ ಸಂಜೆಯ ಇಳಿತಕ್ಕೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ ನೋಡಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿ ಬಳಚು (ಕೆಸರಿನಲ್ಲಿರುವ, ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಸೊಂಟದ ನೀರಲ್ಲಿ ಕಾಲಿನಿಂದಲೇ ಕೆಸರು ತಡವಿ ಚಿಪ್ಪು ಎಲ್ಲಿದೆ ಅಂತ ಹೇಳುತ್ತಾರೆ. ನಮ್ಮ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಅರ್ಧ ಗಂಟೆ ತಡವಿದಳು, ಸಿಕ್ಕಿದ್ದು ಎರಡು. ಅದರಲ್ಲಿ ಒಂದು ಕಲ್ಲು.